ತೀರ್ಪು ಬಂದ ಮೇಲೆ ಉಳಿಯುವ ಕೆಲಸ

ವಿಚ್ಛೇದನದ ತೀರ್ಪು ಬಂದು ಮೂರು ವಾರವಾಯಿತು, ಆಸ್ತಿ ಸಾಲಗಳೆಲ್ಲ ಹಂಚಿಕೆಯಾಗಿವೆ, ಅಮೆರಿಕಕ್ಕೆ ಬಂದು ನಾಲ್ಕೇ ವರ್ಷ, ಪುಟ್ಟ ಮಗಳೊಂದಿಗೆ ಇನ್ನು ಹಣಕಾಸು ನಿಭಾಯಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ವಿಚ್ಛೇದನವಾಗಿ ಹನ್ನೊಂದು. 'ಕಾಗದಪತ್ರದ ಕೆಲಸವೆಲ್ಲ ಮುಗಿಯಿತು' ಎಂದು ನೀವು ಬರೆದದ್ದು ಓದಿ ಗಾಬರಿಯಾಯಿತು. ಮುಗಿದಿಲ್ಲ ತಂಗಿ. ತೀರ್ಪು ಕಟ್ಟಿಹಾಕುವುದು ನಿಮ್ಮಿಬ್ಬರನ್ನು ಮಾತ್ರ. ಬ್ಯಾಂಕು, ವಿಮಾ ಕಂಪನಿ, ನಿವೃತ್ತಿ ನಿಧಿ ಇವಕ್ಕೆಲ್ಲ ಅದು ತಾನಾಗಿ ತಲುಪುವುದಿಲ್ಲ. ಒಂದೊಂದನ್ನೂ ನೀವೇ ಬೆನ್ನುಹತ್ತಿ ಬದಲಿಸಬೇಕು.

ಎಲ್ಲಕ್ಕಿಂತ ಮೊದಲು ಆರೋಗ್ಯ ವಿಮೆ. ಈವರೆಗೆ ನಿಮ್ಮ ಮಾಜಿ ಪತಿಯ ಕಂಪನಿಯ ವಿಮೆಯಲ್ಲಿದ್ದಿರಿ. ಅಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ, ಕೋಬ್ರಾ ಕಾನೂನಿನಡಿ ಅದೇ ವಿಮೆಯನ್ನು 36 ತಿಂಗಳವರೆಗೆ ಮುಂದುವರಿಸಬಹುದು. ಆದರೆ ವಿಚ್ಛೇದನವಾದ 60 ದಿನಗಳೊಳಗೆ ಆ ವಿಮೆಯ ನಿರ್ವಾಹಕರಿಗೆ ನೀವು ತಿಳಿಸಲೇಬೇಕು. ಅದರಲ್ಲಿ ಇಪ್ಪತ್ತೊಂದು ದಿನ ಆಗಲೇ ಕಳೆದಿವೆ. ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮ ಮೇಲೆ ಬೀಳುವುದರಿಂದ ಅದು ದುಬಾರಿ. ಸರ್ಕಾರದ 'ಮಾರ್ಕೆಟ್‌ಪ್ಲೇಸ್' ಮೂಲಕ ನಾವೇ ಕೊಳ್ಳುವ ವಿಮೆಗೂ ಹಳೆಯ ವಿಮೆ ತಪ್ಪಿದಾಗ 60 ದಿನಗಳ ಅವಕಾಶವಿದೆ, ಅಲ್ಲಿನ ದರವನ್ನೂ ನೋಡಿ. ಮಗಳು ಅಪ್ಪನ ವಿಮೆಯಲ್ಲೇ ಉಳಿಯಬಹುದು.

ಇನ್ನು ಸಾಲ. ನಮ್ಮ ಜಂಟಿ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ನನ್ನ ಮಾಜಿ ಪತಿಯೇ ತೀರಿಸಬೇಕೆಂದು ತೀರ್ಪಿನಲ್ಲಿ ಬರೆದಿತ್ತು. ಆ ಧೈರ್ಯದ ಮೇಲೆ ನಾನು ಅತ್ತ ತಿರುಗಿಯೂ ನೋಡಲಿಲ್ಲ. ಒಂದು ವರ್ಷದ ನಂತರ ಬಾಡಿಗೆ ಮನೆ ಕೇಳಲು ಹೋದಾಗ, ಅಲ್ಲಿನ ಮೇಲ್ವಿಚಾರಕಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನ ಕೆಳಗೆ ಅದೇ ಕಾರ್ಡು, ಅದರೆದುರು ಮೂರು ತಿಂಗಳು ಪಾವತಿ ತಪ್ಪಿದ ಗುರುತು. ಚೀಲದಲ್ಲಿದ್ದ ತೀರ್ಪಿನ ಪ್ರತಿಯನ್ನು ತೆಗೆದು ತೋರಿಸಿದೆ. ಆಕೆ ಪೂರ್ತಿ ಓದಿದರು. ಸಾಲ ಕೊಟ್ಟವರಿಗೆ ಇದು ಅನ್ವಯಿಸುವುದಿಲ್ಲ ಎಂದು ಮೃದುವಾಗಿಯೇ ಹೇಳಿ ಹಿಂದಿರುಗಿಸಿದರು. ಅಂಥ ಗುರುತು ನಮ್ಮ ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ವರದಿಯಲ್ಲಿ ಏಳು ವರ್ಷ ಉಳಿಯುತ್ತದೆ. ಆದ್ದರಿಂದ ಜಂಟಿ ಕಾರ್ಡುಗಳನ್ನು ಹೊಸ ಖರ್ಚು ಬೀಳದಂತೆ ಮುಚ್ಚಿಸಿ, ಬಾಕಿಯನ್ನು ತೀರಿಸಬೇಕಾದವರ ಒಂಟಿ ಖಾತೆಗೆ ವರ್ಗಾಯಿಸಲು ಪಟ್ಟುಹಿಡಿಯಿರಿ. ಅದಾಗುವವರೆಗೆ ತಿಂಗಳು ತಿಂಗಳು ನೀವೇ ಕಣ್ಣಿಡಿ.

ನಿಮ್ಮ ಮಾಜಿ ಪತಿಯ 401ಕೆ, ಅಂದರೆ ಕಂಪನಿಯ ಮೂಲಕದ ನಿವೃತ್ತಿ ಖಾತೆಯಲ್ಲಿ ನಿಮಗೆ ಪಾಲಿದೆ ಎಂದಿದ್ದೀರಿ. ಅದಕ್ಕೆ ತೀರ್ಪು ಸಾಲದು, ಕ್ವಾಡ್ರೋ ಎಂದು ಕರೆಯುವ ಪ್ರತ್ಯೇಕ ಆದೇಶ ಬೇಕು. ನಿಧಿಯ ನಿರ್ವಾಹಕರು ಅದನ್ನು ಒಪ್ಪಬೇಕು. ವಕೀಲರು ಸಲ್ಲಿಸಿದ್ದಾರೆಯೇ, ಬಾಯಿಬಿಟ್ಟು ಕೇಳಿ. ಹಣವನ್ನು ನೇರವಾಗಿ ನಿಮ್ಮ ಐಆರ್‌ಎ, ಅಂದರೆ ಸ್ವಂತ ನಿವೃತ್ತಿ ಖಾತೆಗೆ ಹಾಕಿಸಿಕೊಂಡರೆ ಈಗ ತೆರಿಗೆಯಿಲ್ಲ. ತುರ್ತಿಗೆ ಸ್ವಲ್ಪ ನಗದು ಬೇಕಿದ್ದರೆ ಅದಕ್ಕೂ ಮೊದಲೇ ತೆಗೆದುಕೊಳ್ಳಿ: ಕ್ವಾಡ್ರೋ ಮೂಲಕ ನೇರವಾಗಿ ಪಡೆದದ್ದಕ್ಕೆ ಆದಾಯ ತೆರಿಗೆ ಇದ್ದರೂ, ವಯಸ್ಸಿಗೆ ಮುಂಚೆ ಹಣ ತೆಗೆದದ್ದಕ್ಕೆ ಬೀಳುವ ಶೇ. 10ರ ದಂಡವಿಲ್ಲ. ಒಮ್ಮೆ ಐಆರ್‌ಎಗೆ ಹೋದರೆ ಆ ವಿನಾಯಿತಿ ತಪ್ಪುತ್ತದೆ.

ತೆರಿಗೆಯ ವಿಷಯ ಚಿಕ್ಕದು. ಡಿಸೆಂಬರ್ 31ರಂದು ನೀವು ವಿವಾಹಿತೆಯೋ ಅಲ್ಲವೋ ಎಂಬುದೇ ಇಡೀ ವರ್ಷಕ್ಕೆ ಲೆಕ್ಕ. ಕೆಲಸದ ಕಡೆ ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ತಿಳಿಸುವ ಹೊಸ ಡಬ್ಲ್ಯು-4 ನಮೂನೆ ಕೊಡಿ. ನಿಮಗೆ ಬರುವ ಜೀವನಾಂಶಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. 2018ರ ನಂತರದ ವಿಚ್ಛೇದನಗಳಿಗೆ ಅದೇ ನಿಯಮ.

ಕೊನೆಯದಾಗಿ, ನಿಮ್ಮ ಕೆಲಸದ ಕಡೆಯ ಜೀವವಿಮೆಯಲ್ಲಿ, ನಿವೃತ್ತಿ ಖಾತೆಯಲ್ಲಿ ನಾಮಿನಿ ಯಾರೆಂದು ಇಂದೇ ನೋಡಿ. ವಾಷಿಂಗ್ಟನ್ ರಾಜ್ಯದ ಎಗೆಲ್‌ಹಾಫ್ ಎಂಬವರು ನಾಮಿನಿ ಬದಲಿಸದೆ, ವಿಚ್ಛೇದನವಾದ ಸುಮಾರು ಎರಡು ತಿಂಗಳಲ್ಲೇ ತೀರಿಕೊಂಡರು. ಮೊದಲ ಮದುವೆಯ ಮಕ್ಕಳು ಹಣಕ್ಕಾಗಿ ಹೋರಾಡಿದರೂ 2001ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ವಿಚ್ಛೇದಿತ ಪತ್ನಿಯ ಪರವಾಗಿ. ಮಗಳ ಹೆಸರು ಬರೆದರೂ ಸಾಲದು. ಅವಳು ಇನ್ನೂ ಅಪ್ರಾಪ್ತೆ, ಅವಳ ಪರವಾಗಿ ಹಣ ನೋಡಿಕೊಳ್ಳುವವರು ಯಾರೆಂದು ನೀವೇ ಗೊತ್ತುಮಾಡಿ, ಅದನ್ನೂ ಆ ನಮೂನೆಯಲ್ಲಿ ಬರೆಸಿ.