ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಮೂಲೆಗಳನ್ನು ಮಾತ್ರ ನೋಡಿದರೆ ಸಾಕಾ?

ಲೀನಿಯರ್ ಪ್ರೋಗ್ರಾಮಿಂಗ್ ಅಂದರೆ ನೇರ ರೇಖೆಯ ಷರತ್ತುಗಳನ್ನು ಮೀರದೆ ಒಂದು ಬೆಲೆಯನ್ನು ಗರಿಷ್ಠ ಅಥವಾ ಕನಿಷ್ಠ ಮಾಡುವುದು. ಆ ಷರತ್ತುಗಳನ್ನೆಲ್ಲ ಪಾಲಿಸುವ ಪ್ರದೇಶದ ಒಳಗಡೆ ಲೆಕ್ಕವಿಲ್ಲದಷ್ಟು ಬಿಂದುಗಳಿರುವಾಗ ಬರೀ ಮೂಲೆಗಳನ್ನು ನೋಡಿ ಉತ್ತರ ಬರೆಯುವುದು ಹೇಗೆ ಸರಿ, ನಡುವೆ ಎಲ್ಲೋ ಇನ್ನೂ ದೊಡ್ಡ ಬೆಲೆ ಅಡಗಿರಬಾರದಾ ಅಂತ ಕೇಳಿದ್ದೀರಿ. ಒಳ್ಳೆ ಅನುಮಾನ. ನಾನು ಇದನ್ನು ಹೇಳಿಕೊಡುವಾಗ ಪ್ರಮೇಯದಿಂದ ಶುರು ಮಾಡುವುದಿಲ್ಲ, ಒಂದು ಬಿಂದುವಿನಿಂದ ಹೊರಟು ನಡೆಸುತ್ತೇನೆ.

ಲೆಕ್ಕ ಹೀಗಿರಲಿ: ಎಕ್ಸ್ + ವೈ ≤ 9, ಎಕ್ಸ್ + 2ವೈ ≤ 14. ಎಕ್ಸ್, ವೈ ಎರಡೂ ಸೊನ್ನೆಗಿಂತ ಕೆಳಗಿಳಿಯಬಾರದು. ಝಡ್ = 3ಎಕ್ಸ್ + 5ವೈ ಗರಿಷ್ಠ ಆಗಬೇಕು.

ಒಳಗಿನ ಯಾವುದಾದರೂ ಬಿಂದು ತಗೊಳ್ಳಿ, ಉದಾಹರಣೆಗೆ (2, 3). ಅಲ್ಲಿ ಝಡ್ 21. ವೈ ಮುಟ್ಟದೆ ಬಲಕ್ಕೆ ನಡೆದರೆ ಹೆಜ್ಜೆಗೆ 3ರಂತೆ ಏರುತ್ತದೆ. (6, 3) ತಲುಪಿದಾಗ 33. ಮುಂದೆ ಜಾಗವಿಲ್ಲ, 6 + 3 = 9, ಗೋಡೆ ಸಿಕ್ಕಿತು. ಈಗ ಗೋಡೆ ಹಿಡಿದೇ ಮೇಲಕ್ಕೆ ಹೋಗಿ. ಎಕ್ಸ್ 1 ಇಳಿದು ವೈ 1 ಏರಿದರೆ 3 ಹೋಗಿ 5 ಬರುತ್ತದೆ, 2 ಲಾಭ. (5, 4)ರಲ್ಲಿ 35, (4, 5)ರಲ್ಲಿ 37. ಇಲ್ಲಿ ಎರಡನೇ ಗೋಡೆ ಅಡ್ಡ ಬರುತ್ತದೆ. ಅದರ ಜೊತೆ ಎಡಕ್ಕೆ ಹೋದರೆ ವೈ 1 ಏರಲು ಎಕ್ಸ್ 2 ಇಳಿಯಬೇಕು, ಅಂದರೆ 6 ಕಳೆದುಕೊಂಡು 5 ಪಡೆಯುತ್ತೀರಿ. ನಷ್ಟ ತಾನೇ? ನಿಂತುಬಿಡಿ.

ನೇರ ರೇಖೆಯ ಮೇಲೆ ಝಡ್ ಒಂದೇ ದರದಲ್ಲಿ ಏರುತ್ತದೆ, ಇಳಿಯುತ್ತದೆ, ಇಲ್ಲವೇ ಹಾಗೇ ಇರುತ್ತದೆ. ನಡುವೆ ಏರಿ ಇಳಿಯುವುದಿಲ್ಲ. ಅದಕ್ಕೇ ಒಳಗಿನ ಬಿಂದು ಮೂಲೆಯನ್ನು ಮೀರಿಸಲಾರದು. ಝಡ್‌ನಲ್ಲಿ ಎಕ್ಸ್‌ನ ವರ್ಗ ಬಂದರೆ ಈ ಭರವಸೆ ಹೋಯಿತು.

37ಕ್ಕಿಂತ ಜಾಸ್ತಿ ಸಿಗುವುದೇ ಇಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪುರಾವೆ ಒಂದಿದೆ. ಮೊದಲನೇ ಅಸಮಾನತೆಗೆ ಎರಡನೆಯದರ ಎರಡರಷ್ಟನ್ನು ಕೂಡಿಸಿ. ಎಡಗಡೆ ಸರಿಯಾಗಿ 3ಎಕ್ಸ್ + 5ವೈ, ಬಲಗಡೆ 9 + 28 = 37. ಚಿತ್ರವೇ ಬೇಡ, ಅಲ್ವಾ?

ಪರೀಕ್ಷೆಯಲ್ಲಿ ಅಂಕ ಹೋಗುವುದು ಸಾಮಾನ್ಯವಾಗಿ ಬೇರೆ ಕಡೆ. ರೇಖೆಗಳು ಸೇರುವ ಜಾಗವೆಲ್ಲ ಮೂಲೆಯಲ್ಲ. ಮೊದಲನೇ ರೇಖೆ ವೈ ಅಕ್ಷವನ್ನು (0, 9)ರಲ್ಲಿ ಮುಟ್ಟುತ್ತದೆ, ಅಲ್ಲಿ ಝಡ್ 45! ನೋಡಿದರೆ ಆಸೆಯಾಗುತ್ತದೆ. ಆದರೆ ಎರಡನೇ ಅಸಮಾನತೆಯಲ್ಲಿ ಹಾಕಿದರೆ 18, ಮಿತಿ 14. ಆ ಬಿಂದು ಹೊರಗಿದೆ. (14, 0) ಕೂಡ ಹಾಗೇ. ಉಳಿಯುವುದು (0, 0), (9, 0), (4, 5), (0, 7). ಬೆಲೆ 0, 27, 37, 35.

ಎಕ್ಸ್, ವೈ ತರಹದ ಚಲಕಗಳು ಹೆಚ್ಚಾದರೆ ಎಲ್ಲ ಮೂಲೆ ನೋಡುವುದು ಆಗದ ಮಾತು. 50 ಚಲಕಗಳು, ಪ್ರತಿಯೊಂದೂ 0ಯಿಂದ 1ರೊಳಗೆ ಅಂದರೂ ಮೂಲೆಗಳು 2ರ ಘಾತ 50, ಅಂದರೆ 11 ಕೋಟಿ ಕೋಟಿಗೂ ಜಾಸ್ತಿ. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಒಂದು ಮೂಲೆಯಿಂದ ಪಕ್ಕದ ಉತ್ತಮ ಮೂಲೆಗೆ ಮಾತ್ರ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ (0, 0), (0, 7), (4, 5), ಅಷ್ಟೇ. (9, 0) ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು, ಪ್ರದೇಶ ಒಂದು ಕಡೆ ತೆರೆದಿದ್ದರೆ ಸುಮ್ನೆ ಮೂಲೆಗಳ ಪಟ್ಟಿ ನಂಬಬೇಡಿ. ಎಕ್ಸ್ + ವೈ ≥ 4 ಎಂಬ ಒಂದೇ ಷರತ್ತು, ಮೊದಲ ಚತುರ್ಥಕ (ಎಕ್ಸ್, ವೈ ಎರಡೂ ಸೊನ್ನೆಗಿಂತ ಕೆಳಗಿಲ್ಲದ ಭಾಗ), ಝಡ್ = ಎಕ್ಸ್ + ವೈ ಅಂದುಕೊಳ್ಳಿ. ಎರಡು ಮೂಲೆಯಲ್ಲೂ 4 ಬರುತ್ತದೆ. ಅದು ಕನಿಷ್ಠ. ಗರಿಷ್ಠ ಕೇಳಿದ್ದರೆ 'ಇಲ್ಲ' ಅಂತಲೇ ಬರೆಯಬೇಕು.