ರದ್ದು ಮಾಡಿದ್ದು ಯಾರು? ವಿಮಾನ ಟಿಕೆಟ್ ಹಣ ವಾಪಸ್ ಪಡೆಯುವ ಲೆಕ್ಕ

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ಹುಬ್ಬಳ್ಳಿಯಲ್ಲಿ ಆರತಕ್ಷತೆ ಇಟ್ಟುಕೊಂಡಿದ್ದ ನವದಂಪತಿ ಭುವನೇಶ್ವರದಲ್ಲೇ ಉಳಿದು, ವಿಡಿಯೊ ಕರೆಯಲ್ಲಿ ತಮ್ಮದೇ ಸಮಾರಂಭಕ್ಕೆ ಹಾಜರಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಬಾಕಿ ಹಣವನ್ನೆಲ್ಲ ಡಿಸೆಂಬರ್ 7ರ ರಾತ್ರಿ 8ರೊಳಗೆ ವಾಪಸ್ ಮಾಡಬೇಕೆಂದು ಕೇಂದ್ರ ಸರ್ಕಾರ ತಾಕೀತು ಮಾಡಿತು. ಆ ದಿನಕ್ಕೆ 610 ಕೋಟಿ ರೂಪಾಯಿ ಮರಳಿಸಲಾಗಿದೆ ಎಂದು ವಿಮಾನಯಾನ ಸಚಿವಾಲಯವೇ ಹೇಳಿತು. ಮನಸ್ಸು ಮಾಡಿದರೆ ಹಣ ಎಷ್ಟು ಬೇಗ ಬರುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಆದರೆ ಸುದ್ದಿಯಾಗದ ದಿನಗಳಲ್ಲಿ ಒಬ್ಬಂಟಿ ಪ್ರಯಾಣಿಕನ ಪಾಡು ಬೇರೆಯೇ. ಈ ಸಲದ ಪತ್ರಗಳೆಲ್ಲ ಅಂಥವು.

ಪ್ರಶ್ನೆ: ನಾವು ಮನೆಯ ಐದು ಮಂದಿ ಕಾಶಿಗೆ ಹೋಗಲು ಬೆಂಗಳೂರಿನಿಂದ ವಾರಾಣಸಿಗೆ ಟಿಕೆಟ್ ಮಾಡಿಸಿದ್ದೆವು. ಹೊರಡಲು ಹತ್ತು ದಿನ ಇರುವಾಗ ವಿಮಾನ ರದ್ದಾಗಿದೆ ಎಂದು ಮೆಸೇಜ್ ಬಂತು. ಆ್ಯಪ್ ತೆರೆದರೆ ಹಣ ‘ಕ್ರೆಡಿಟ್ ಶೆಲ್’ಗೆ ಹೋಗಿದೆ, ಒಂದು ವರ್ಷದೊಳಗೆ ಬಳಸಿಕೊಳ್ಳಿ ಎಂದಿದೆ. ನಾವು ಮತ್ತೆ ಯಾವಾಗ ವಿಮಾನ ಹತ್ತುತ್ತೇವೋ ಗೊತ್ತಿಲ್ಲ. ದುಡ್ಡು ಕೈಗೆ ಬರುತ್ತದೆಯೇ? — ದಾವಣಗೆರೆ

ಬರುತ್ತದೆ, ಪೂರ್ತಿ ಬರುತ್ತದೆ. ಟಿಕೆಟ್ ಹಣದ ತಕರಾರು ಯಾವುದೇ ಇರಲಿ, ನಾನು ಮೊದಲು ಕೇಳುವುದು ಒಂದೇ: ರದ್ದು ಮಾಡಿದ್ದು ಯಾರು? ನೀವೋ, ವಿಮಾನ ಸಂಸ್ಥೆಯೋ? ನೀವೇ ಮಾಡಿದ್ದರೆ ಟಿಕೆಟ್ಟಿನ ಷರತ್ತು ಏನು ಹೇಳುತ್ತದೋ ಅಷ್ಟು. ಸಂಸ್ಥೆ ಮಾಡಿದ್ದರೆ ಬದಲಿ ವಿಮಾನ ಅಥವಾ ಹಣ, ಎರಡರಲ್ಲಿ ನೀವು ಒಪ್ಪಿದ್ದನ್ನು ಅದು ಕೊಡಬೇಕು. ಇದು ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮ. ‘ಸೇವರ್’, ‘ಪ್ರೊಮೊ’, ‘ನಾನ್ ರಿಫಂಡಬಲ್’ ಎಂದು ಟಿಕೆಟ್ಟಿನ ಮೇಲೆ ಏನೇ ಬರೆದಿರಲಿ, ರದ್ದು ಮಾಡಿದ್ದು ಅವರಾದರೆ ಆ ಮಾತು ನಡೆಯದು.

ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟ್ಟಿಗೆ ಬಳಸಲೆಂದು ಸಂಸ್ಥೆಯಲ್ಲೇ ಉಳಿಯುವ ಹಣ. ಅದರ ವಿಷಯಕ್ಕೂ ಅದೇ ನಿಯಮಾವಳಿಯಲ್ಲಿ ಉತ್ತರವಿದೆ. ಹಣವನ್ನು ಶೆಲ್‌ನಲ್ಲಿ ಇಡುವುದು ಬಿಡುವುದು ಪ್ರಯಾಣಿಕರ ಇಷ್ಟ. ಸಂಸ್ಥೆ ತಾನಾಗಿಯೇ ಅದನ್ನು ರೂಢಿ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಇವತ್ತೇ ಒಂದು ಇಮೇಲ್ ಬರೆಯಿರಿ. ಉದ್ದ ಬೇಡ, ಕೋಪವೂ ಬೇಡ. ಪಿಎನ್‌ಆರ್ ಹಾಕಿ, ‘ವಿಮಾನವನ್ನು ಸಂಸ್ಥೆಯೇ ರದ್ದು ಮಾಡಿದೆ, ಕ್ರೆಡಿಟ್ ಶೆಲ್‌ಗೆ ನಾವು ಒಪ್ಪಿಲ್ಲ, ಹಣ ಪಾವತಿಸಿದ ಖಾತೆಗೇ ಪೂರ್ಣ ಮೊತ್ತ ಜಮಾ ಮಾಡಿ’ ಎಂದಷ್ಟೇ ಬರೆದರೆ ಸಾಕು. ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಸಂಸ್ಥೆಯ ಜಾಲತಾಣವನ್ನೂ ಒಮ್ಮೆ ನೋಡಿ. ರದ್ದಾದ, ಸಮಯ ಬದಲಾದ ವಿಮಾನಗಳಿಗೆಂದೇ ಕೆಲವು ಸಂಸ್ಥೆಗಳು ಬೇರೆ ಪುಟ ಇಟ್ಟಿವೆ. ಇಂಡಿಗೊದಲ್ಲಿ ಅದರ ಹೆಸರು ‘ಪ್ಲ್ಯಾನ್ ಬಿ’. ಮಾಮೂಲಿ ‘ಕ್ಯಾನ್ಸಲ್’ ಗುಂಡಿಯ ಬದಲು ಆ ಪುಟದಿಂದ ಹೋದರೆ ಶುಲ್ಕದ ಮಾತೇ ಬರುವುದಿಲ್ಲ.

‘ಕ್ರೆಡಿಟ್ ಆದರೂ ನಮ್ಮದೇ ದುಡ್ಡಲ್ಲವೇ, ಇರಲಿ ಬಿಡಿ’ ಎನ್ನುವವರಿಗೆ ನನ್ನದೊಂದು ತಕರಾರಿದೆ. ಕ್ರೆಡಿಟ್ ಶೆಲ್ ಎಂದರೆ ವಿಮಾನ ಸಂಸ್ಥೆಗೆ ನೀವು ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ ಕೊಟ್ಟ ಸಾಲ. ಕೋವಿಡ್ ಕಾಲದಲ್ಲಿ ಎಲ್ಲರ ಹಣವೂ ಹೀಗೇ ಶೆಲ್ ಸೇರಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದಕ್ಕೊಂದು ಚೌಕಟ್ಟು ಹಾಕಿ, ಕಷ್ಟದಲ್ಲಿರುವ ಸಂಸ್ಥೆ ಶೆಲ್ ಕೊಡುವುದಾದರೆ ತಿಂಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುವರಿ ಮೊತ್ತ ಸೇರಿಸಬೇಕು, ಬಳಸದೆ ಉಳಿದದ್ದನ್ನು 2021ರ ಮಾರ್ಚ್ 31ರ ನಂತರ ಹಣವಾಗಿಯೇ ಕೊಡಬೇಕು ಎಂದಿತು. ಅಂದರೆ ನ್ಯಾಯಾಲಯವೂ ಅದನ್ನು ಸಾಲದಂತೆಯೇ ಕಂಡಿತು. ಸಾಲ ತೆಗೆದುಕೊಂಡವರು ಮುಳುಗಿದರೆ? ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು, ಗೋ ಫಸ್ಟ್ 2023ರ ಮೇ 3ರಿಂದ ಹಾರಲಿಲ್ಲ. ಎರಡೂ ಕೊನೆಗೆ ದಿವಾಳಿ ಪ್ರಕ್ರಿಯೆಯಲ್ಲಿ ಮುಗಿದವು. ಬ್ಯಾಂಕುಗಳು ಮುಂದೆ ನಿಂತ ಆ ಸಾಲಿನಲ್ಲಿ ಪ್ರಯಾಣಿಕರು ತೀರಾ ಹಿಂದಿದ್ದರು. ತಿಂಗಳಿಗೆ ಎರಡು ಸಲ ಅದೇ ಸಂಸ್ಥೆಯಲ್ಲಿ ಓಡಾಡುವವರಿಗೆ, ಹತ್ತಿಪ್ಪತ್ತು ಪರ್ಸೆಂಟ್ ಹೆಚ್ಚು ಸೇರಿಸಿ ಕೊಟ್ಟರೆ ಶೆಲ್ ಲಾಭವೇ ಇರಬಹುದು. ನಿಮ್ಮಂಥವರಿಗಲ್ಲ.

ಇನ್ನೊಂದು: ಹಣ ವಾಪಸ್ ಬೇರೆ, ಪರಿಹಾರ ಬೇರೆ. ನಿಮಗೆ ಹತ್ತು ದಿನ ಮೊದಲೇ ತಿಳಿಸಿದ್ದರಿಂದ ಪರಿಹಾರ ಸಿಗದು. ಹೊರಡಲು 24 ಗಂಟೆಯೂ ಇಲ್ಲದಾಗ ರದ್ದು ಮಾಡಿ, ಅದಕ್ಕೆ ಸಂಸ್ಥೆಯ ಕೈಮೀರಿದ ಕಾರಣವಿಲ್ಲದಿದ್ದರೆ ಟಿಕೆಟ್ ಹಣದ ಮೇಲೆ ಪರಿಹಾರವೂ ಸೇರುತ್ತದೆ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಬುಕ್ ಮಾಡುವಾಗ ಸರಿಯಾದ ಫೋನ್ ನಂಬರ್ ಕೊಟ್ಟಿರದವರಿಗೆ ಇದೂ ಇಲ್ಲ. ಏಜೆಂಟರು ಎಷ್ಟೋ ಸಲ ತಮ್ಮದೇ ನಂಬರ್ ಹಾಕಿಬಿಡುತ್ತಾರೆ, ನೋಡಿಕೊಳ್ಳಿ.

ಪ್ರಶ್ನೆ: ಹೊರಡುವ ಹಿಂದಿನ ದಿನ ತಂದೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಗಡಿಬಿಡಿಯಲ್ಲಿ ಟಿಕೆಟ್ ರದ್ದು ಮಾಡಲೂ ಆಗಲಿಲ್ಲ, ವಿಮಾನ ಹೊರಟುಹೋಯಿತು. ಒಂದು ಪೈಸೆಯೂ ಬರುವುದಿಲ್ಲ ಎನ್ನುತ್ತಿದ್ದಾರೆ. ನಿಜವೇ? — ಶಿರಸಿ

ನಿಜವಲ್ಲ. ತಂದೆಯವರು ಈಗ ಚೇತರಿಸಿಕೊಂಡಿದ್ದಾರೆ ಎಂದುಕೊಳ್ಳುತ್ತೇನೆ.

ನೀವು ಕೊಟ್ಟ ಹಣದಲ್ಲಿ ಎರಡು ಪಾಲಿದೆ. ಮೂಲ ದರ ಮತ್ತು ಇಂಧನ ಶುಲ್ಕ ಸಂಸ್ಥೆಯ ಪಾಲು. ತೆರಿಗೆ, ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ ಮುಂತಾದವು ಸರ್ಕಾರ ಮತ್ತು ವಿಮಾನ ನಿಲ್ದಾಣದವರ ಪರವಾಗಿ ವಸೂಲಿ ಮಾಡಿದವು. ನೀವು ನಿಲ್ದಾಣಕ್ಕೇ ಹೋಗಿಲ್ಲ ಎಂದ ಮೇಲೆ ಈ ಎರಡನೇ ಪಾಲನ್ನು ಇಟ್ಟುಕೊಳ್ಳಲು ಸಂಸ್ಥೆಗೆ ಹಕ್ಕಿಲ್ಲ. ಟಿಕೆಟ್ ರದ್ದಾದರೂ ಅಷ್ಟೇ, ‘ನೋ ಶೋ’, ಅಂದರೆ ರದ್ದು ಮಾಡದೆಯೇ ವಿಮಾನ ತಪ್ಪಿಸಿಕೊಂಡರೂ ಅಷ್ಟೇ. ಮೂಲ ದರ ಮರಳಿಸದ ಅಗ್ಗದ ಟಿಕೆಟ್ಟಿಗೂ ಇದು ಅನ್ವಯ. ಹಣ ಮರಳಿಸುವ ಕೆಲಸಕ್ಕೆಂದು ಬೇರೆ ಶುಲ್ಕ ಕೀಳುವಂತೆಯೂ ಇಲ್ಲ.

ರದ್ದತಿ ಶುಲ್ಕಕ್ಕೂ ಒಂದು ಮಿತಿಯಿದೆ. ಅದು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಮೀರಬಾರದು. ಉದಾಹರಣೆಗೆ, ಈ ಎರಡೂ ಸೇರಿ 3,200 ರೂಪಾಯಿ, ತೆರಿಗೆ ಮತ್ತು ನಿಲ್ದಾಣ ಶುಲ್ಕ 1,100 ರೂಪಾಯಿ ಎಂದಿಟ್ಟುಕೊಳ್ಳಿ. ಸಂಸ್ಥೆಯ ಪಟ್ಟಿಯಲ್ಲಿ ರದ್ದತಿ ಶುಲ್ಕ 4,500 ಎಂದಿದ್ದರೂ ಮುರಿದುಕೊಳ್ಳಬಹುದಾದದ್ದು 3,200 ಮಾತ್ರ. ಉಳಿದ 1,100 ನಿಮ್ಮದು. ನೋ ಶೋ ಆದವರಿಗೆ ಇದು ತಾನಾಗಿ ಬರುವುದು ಅಪರೂಪ. ಪಿಎನ್‌ಆರ್ ಕೊಟ್ಟು, ‘ತೆರಿಗೆ ಮತ್ತು ವಿಮಾನ ನಿಲ್ದಾಣ ಶುಲ್ಕ ಮರಳಿಸಿ’ ಎಂದು ನೀವೇ ಕೇಳಬೇಕು. ಕೇಳದೆ ಬಿಟ್ಟ ಇಂಥ ಸಣ್ಣ ಮೊತ್ತಗಳೆಲ್ಲ ಸೇರಿದರೆ ಎಷ್ಟಾಗಬಹುದೆಂದು ನೀವೇ ಊಹಿಸಿ.

ಆಸ್ಪತ್ರೆಯ ದಾಖಲೆ ಲಗತ್ತಿಸಿ ಮೂಲ ದರಕ್ಕೂ ಒಂದು ಮನವಿ ಕೊಡಿ. ಅದು ಹಕ್ಕಲ್ಲ, ಸಂಸ್ಥೆಯ ಮರ್ಜಿ. ಆದರೂ ದಾಖಲೆ ನೋಡಿ ಕ್ರೆಡಿಟ್ ಕೊಟ್ಟ ಉದಾಹರಣೆಗಳಿವೆ. ಏನೂ ಬರದ ಕಡೆ ಬಂದ ಕ್ರೆಡಿಟ್ಟನ್ನು ಬೇಡ ಎನ್ನಬೇಕಿಲ್ಲ. ಟಿಕೆಟ್ ಜೊತೆ ಪ್ರಯಾಣ ವಿಮೆಗೆ ಟಿಕ್ ಹಾಕಿದ್ದಿರಾ ಎಂದೂ ನೋಡಿ. ಎಷ್ಟೋ ಜನ ದುಡ್ಡು ಕೊಟ್ಟು ಮರೆತೇಬಿಟ್ಟಿರುತ್ತಾರೆ.

ಪ್ರಶ್ನೆ: ನಮ್ಮೂರಿನ ಟ್ರಾವೆಲ್ ಏಜೆಂಟರಲ್ಲಿ ನಗದು ಕೊಟ್ಟು ಟಿಕೆಟ್ ಮಾಡಿಸಿದ್ದೆ. ರದ್ದಾಗಿ ಎರಡು ತಿಂಗಳಾಯಿತು. ಏಜೆಂಟರನ್ನು ಕೇಳಿದರೆ ‘ಕಂಪನಿಯಿಂದ ಬಂದಿಲ್ಲ’, ಕಂಪನಿಯನ್ನು ಕೇಳಿದರೆ ‘ಏಜೆಂಟರಿಗೆ ಕೊಟ್ಟಾಯಿತು’. ಯಾರನ್ನು ಹಿಡಿಯಲಿ? — ಬಳ್ಳಾರಿ

ಇಬ್ಬರನ್ನೂ. ಆದರೆ ಮೊದಲು ಕಂಪನಿಯಿಂದ ಲಿಖಿತವಾಗಿ ಮೂರು ವಿವರ ತರಿಸಿಕೊಳ್ಳಿ: ಯಾವ ದಿನ, ಎಷ್ಟು ಮೊತ್ತ, ಯಾವ ಏಜೆನ್ಸಿಯ ಖಾತೆಗೆ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ಹಣ ಏಜೆನ್ಸಿಯ ವ್ಯಾಲೆಟ್ಟಿಗೆ ಮರಳುತ್ತದೆ. ಅಲ್ಲಿಂದ ನಿಮ್ಮ ಕೈಗೆ ಬರುವ ದಾರಿಯಲ್ಲಿ ಇನ್ನೊಬ್ಬ ದೊಡ್ಡ ಏಜೆಂಟರೂ ಇರಬಹುದು, ಏಕೆಂದರೆ ಸಣ್ಣ ಊರಿನವರು ಬಹುಪಾಲು ದೊಡ್ಡವರ ಐಡಿಯಲ್ಲೇ ಟಿಕೆಟ್ ತೆಗೆಯುತ್ತಾರೆ. ಹಾಗಾಗಿ ನಿಮ್ಮ ಏಜೆಂಟರು ಸುಳ್ಳೇ ಹೇಳುತ್ತಿದ್ದಾರೆ ಎಂದು ಈಗಲೇ ತೀರ್ಮಾನಿಸಬೇಡಿ. ಆ ಲಿಖಿತ ವಿವರವನ್ನು ಅವರ ಮುಂದಿಟ್ಟರೆ ಹೆಚ್ಚಿನ ಪ್ರಕರಣಗಳು ಅಲ್ಲೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಏಜೆಂಟರು ವಿಮಾನ ಸಂಸ್ಥೆ ನೇಮಿಸಿದ ಪ್ರತಿನಿಧಿಗಳು, ಆದ್ದರಿಂದ ಹಣ ತಲುಪಿಸುವ ಹೊಣೆ ಸಂಸ್ಥೆಯದೇ ಎಂದು ಡಿಜಿಸಿಎ ಸ್ಪಷ್ಟವಾಗಿ ಬರೆದಿದೆ. 2016ರ ನಿಯಮದಲ್ಲಿ ಇದಕ್ಕೆ 30 ಕೆಲಸದ ದಿನಗಳ ಗಡುವಿತ್ತು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಕರಡು ಅದನ್ನೂ ಇಳಿಸಲು ಹೊರಟಿತು. ಯಾವ ಲೆಕ್ಕ ಹಿಡಿದರೂ ನಿಮ್ಮ ಎರಡು ತಿಂಗಳು ಹೆಚ್ಚಾಯಿತು. ಕ್ರೆಡಿಟ್ ಕಾರ್ಡಿನಲ್ಲಿ ನೇರವಾಗಿ ಸಂಸ್ಥೆಗೆ ಕಟ್ಟಿದ್ದರೆ ಏಳು ದಿನದಲ್ಲಿ ಬರಬೇಕಿತ್ತು.

ಏಜೆಂಟರ ಸರ್ವಿಸ್ ಚಾರ್ಜ್ ಸಾಮಾನ್ಯವಾಗಿ ಮರಳುವುದಿಲ್ಲ. ಅದರ ಬೆನ್ನು ಹತ್ತಬೇಡಿ.

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗ ನಮ್ಮಿಬ್ಬರಿಗೂ ಬೆಂಗಳೂರಿನಿಂದ ಟಿಕೆಟ್ ಮಾಡಿಸಿದ. ವೀಸಾ ಸಿಗಲಿಲ್ಲ. ಅಮೆರಿಕದಲ್ಲಿ ರಿಫಂಡ್ ಕಾನೂನು ಬಹಳ ಬಿಗಿ, ಹಣ ಬಂದೇ ಬರುತ್ತದೆ ಎನ್ನುತ್ತಾನೆ. ಹೌದೇ? — ಹಾಸನ

ಕಾನೂನು ಬಿಗಿ ಇರುವುದು ನಿಜ. ಆದರೆ ನಿಮ್ಮ ಮಗ ಅಂದುಕೊಂಡ ಕಡೆಗಲ್ಲ. ವೀಸಾ ನಿರಾಕರಣೆಯೂ ಪ್ರಯಾಣಿಕರ ಕಡೆಯ ರದ್ದತಿಯೇ. ಅಲ್ಲೂ ಟಿಕೆಟ್ಟಿನ ಷರತ್ತೇ ಅಂತಿಮ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ವಿಮಾನಗಳಲ್ಲಿ, ಪ್ರಯಾಣಕ್ಕೆ ಕನಿಷ್ಠ ಏಳು ದಿನ ಇದ್ದು ನೇರವಾಗಿ ಸಂಸ್ಥೆಯಲ್ಲೇ ಬುಕ್ ಮಾಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು ಅಥವಾ ಹಣ ಕಟ್ಟದೆ ಅದೇ ದರವನ್ನು 24 ಗಂಟೆ ಹಿಡಿದಿಡಬಹುದು. ಎರಡರಲ್ಲಿ ಒಂದನ್ನು ಸಂಸ್ಥೆ ಕೊಡಲೇಬೇಕು. ನಿಮ್ಮ ವಿಷಯದಲ್ಲಿ ಆ ಹೊತ್ತು ಮೀರಿದೆ.

ಮಗ ಹೇಳುವ ಕಾನೂನು 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೊರಡಿಸಿದ್ದು. ಸಂಸ್ಥೆ ವಿಮಾನ ರದ್ದು ಮಾಡಿದರೆ, ಅಥವಾ ಅಂತರರಾಷ್ಟ್ರೀಯ ವಿಮಾನದ ಸಮಯವನ್ನು ಆರು ಗಂಟೆ, ಅದಕ್ಕೂ ಹೆಚ್ಚು ಬದಲಿಸಿದ್ದನ್ನು ಪ್ರಯಾಣಿಕರು ಒಪ್ಪದಿದ್ದರೆ ಹಣ ಮರಳಬೇಕು. ಕ್ರೆಡಿಟ್ ಕಾರ್ಡಿಗೆ ಏಳು ಕೆಲಸದ ದಿನ, ಬೇರೆ ಪಾವತಿಗೆ 20 ದಿನ. ಭಾರತದ ಸಂಸ್ಥೆಗಳಿಗೂ ಇದರಿಂದ ವಿನಾಯಿತಿಯಿಲ್ಲ. ಈ ನಿಯಮ ಬರುವ ಮೊದಲೇ, 2022ರ ನವೆಂಬರ್‌ನಲ್ಲಿ, ಹಣ ಮರಳಿಸಲು ತಡಮಾಡಿದ್ದಕ್ಕೆ ಏರ್ ಇಂಡಿಯಾ 12.15 ಕೋಟಿ ಡಾಲರ್ ಪ್ರಯಾಣಿಕರಿಗೆ ಕೊಟ್ಟು, 14 ಲಕ್ಷ ಡಾಲರ್ ದಂಡವನ್ನೂ ಕಟ್ಟಬೇಕಾಯಿತು. ವಿಳಂಬವೆಲ್ಲ ಟಾಟಾ ಕೈಗೆ ಬರುವ ಮೊದಲಿನದು.

ಇಲ್ಲಿ ನಿಮಗೊಂದು ಉಪಾಯವಿದೆ. ಪ್ರಯಾಣಕ್ಕೆ ಇನ್ನೂ ತಿಂಗಳುಗಳಿದ್ದರೆ, ಇವತ್ತೇ ರದ್ದು ಮಾಡಬೇಡಿ. ದೂರದ ದಿನಾಂಕದ ವಿಮಾನಗಳ ವೇಳಾಪಟ್ಟಿ ಬದಲಾಗುವುದು ಸಾಮಾನ್ಯ. ಅಷ್ಟರಲ್ಲಿ ಸಂಸ್ಥೆಯೇ ವಿಮಾನ ಕೈಬಿಟ್ಟರೆ ಅಥವಾ ಸಮಯ ಬಹಳ ಬದಲಿಸಿದರೆ ನಿಮ್ಮ ಟಿಕೆಟ್ ಪೂರ್ಣ ಮರುಪಾವತಿಗೆ ಅರ್ಹವಾಗುತ್ತದೆ. ರದ್ದತಿ ಶುಲ್ಕ ಯಾವ ದಿನದಿಂದ ಏರುತ್ತದೆ ಎಂದು ಟಿಕೆಟ್ಟಿನ ಷರತ್ತಿನಲ್ಲಿ ನೋಡಿಕೊಂಡು, ಆ ದಿನದ ಹಿಂದಿನವರೆಗೆ ಕಾಯಿರಿ. ಏನೂ ಬದಲಾಗದಿದ್ದರೆ ಆಗ ರದ್ದು ಮಾಡಿ. ಹೊರಡುವ ದಿನ ದಾಟಲು ಮಾತ್ರ ಬಿಡಬೇಡಿ, ನೋ ಶೋ ದಂಡ ಸಾಮಾನ್ಯವಾಗಿ ಇನ್ನೂ ಜಾಸ್ತಿ.

ಯುರೋಪಿನ ಮೂಲಕ ಹೋಗುವವರಿಗೂ ಒಂದು ಮಾತು: ಯುರೋಪಿಯನ್ ಒಕ್ಕೂಟದ ಸಂಸ್ಥೆ ಬೆಂಗಳೂರಿನಿಂದ ಅಲ್ಲಿಗೆ ಹಾರಿಸುವ ವಿಮಾನಕ್ಕೆ ಅಲ್ಲಿನ ನಿಯಮವೂ ಅನ್ವಯಿಸುತ್ತದೆ. ರದ್ದಾದರೆ ಏಳು ದಿನದಲ್ಲಿ ಹಣ ಕೊಡಬೇಕು. ಪ್ರಯಾಣಿಕರ ಸಹಿಯ ಒಪ್ಪಿಗೆ ಇಲ್ಲದೆ ವೋಚರ್ ಕೊಡುವಂತಿಲ್ಲ.

ಪ್ರಶ್ನೆ: ಇಮೇಲ್‌ಗೆ ಯಂತ್ರದ ಉತ್ತರ ಬಿಟ್ಟರೆ ಏನೂ ಬರುತ್ತಿಲ್ಲ. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿದರೆ ಒಂದು ಆ್ಯಪ್ ಹಾಕಿಕೊಳ್ಳಿ ಎಂದರು. ಹಾಕಿಕೊಳ್ಳಲೇ? — ಮಂಗಳೂರು

ಬೇಡವೇ ಬೇಡ! ಅದು ವಂಚಕರ ನಂಬರ್. ಹಣ ಸ್ವೀಕರಿಸಲು ಯುಪಿಐ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ನಿಮ್ಮ ಫೋನಿನ ಪರದೆಯನ್ನು ಯಾರಿಗೂ ತೋರಿಸಬೇಕಿಲ್ಲ. ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಸ್ಥೆಯ ನಂಬರನ್ನು ಅದರ ಜಾಲತಾಣದಿಂದ ಅಥವಾ ನಿಮ್ಮ ಟಿಕೆಟ್ಟಿನಿಂದ ಮಾತ್ರ ತೆಗೆದುಕೊಳ್ಳಿ.

ದೂರಿಗೆ ಮೆಟ್ಟಿಲುಗಳಿವೆ. ಕಸ್ಟಮರ್ ಕೇರ್ ಆದ ಮೇಲೆ ಸಂಸ್ಥೆಯ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ. ಇಬ್ಬರ ವಿವರವೂ ಜಾಲತಾಣದ ತಳದಲ್ಲೆಲ್ಲೋ ಇರುತ್ತದೆ. ಅಲ್ಲೂ ಆಗದಿದ್ದರೆ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಆ್ಯಪ್, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಏರ್‌ಸೇವಾದಲ್ಲಿ ದೂರು ದಾಖಲಾದ ಮೇಲೆ ಯಂತ್ರದ ಉತ್ತರ ನಿಂತು ಮನುಷ್ಯರ ಉತ್ತರ ಶುರುವಾಗುವುದನ್ನು ನೋಡಿದ್ದೇನೆ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ‘ಚಾರ್ಜ್‌ಬ್ಯಾಕ್’ ಅರ್ಜಿಯನ್ನೂ, ಅಂದರೆ ಕಟ್ಟಿದ ಹಣ ಹಿಂದಕ್ಕೆ ಕೊಡಿಸಿ ಎಂಬ ಅರ್ಜಿಯನ್ನೂ ಕೊಡಿ. ಅದಕ್ಕೆ ಗಡುವಿರುವುದರಿಂದ ತಡಮಾಡಬೇಡಿ.

ಕೊನೆಯದು ಗ್ರಾಹಕರ ಆಯೋಗ. ಕೋರ್ಟು ಕಚೇರಿ ಎಂದು ಹೆದರಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ದೆಹಲಿಗೋ ಮುಂಬೈಗೋ ಅಲೆಯಬೇಕಿಲ್ಲ. ಪಾವತಿಸಿದ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯವಲ್ಲ, ‘ಇ-ಜಾಗೃತಿ’ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು.

ಪ್ರಶ್ನೆ: ನಿನ್ನೆ ರಾತ್ರಿ ಮುಂದಿನ ತಿಂಗಳ ಗೋವಾ ಟಿಕೆಟ್ ಮಾಡಿದೆ. ದಿನಾಂಕ ತಪ್ಪಿದೆ, ಹೆಸರಿನಲ್ಲೂ ಒಂದು ಅಕ್ಷರ ಹೆಚ್ಚಾಗಿದೆ. — ಬೆಂಗಳೂರು

ಸಂಸ್ಥೆಯ ಜಾಲತಾಣದಲ್ಲೇ ಮಾಡಿದ್ದರೆ ಈಗಲೇ ಸರಿಪಡಿಸಿ. ಪ್ರಯಾಣಕ್ಕೆ ಏಳು ದಿನಕ್ಕಿಂತ ಹೆಚ್ಚಿದ್ದಾಗ, ಬುಕ್ ಮಾಡಿದ 48 ಗಂಟೆಯೊಳಗೆ ರದ್ದು ಮಾಡಲು ಅಥವಾ ದಿನಾಂಕ ಬದಲಿಸಲು ಶುಲ್ಕವಿಲ್ಲ, ಹೊಸ ದಿನದ ದರದಲ್ಲಿ ವ್ಯತ್ಯಾಸವಿದ್ದರೆ ಅದನ್ನಷ್ಟೇ ಕಟ್ಟಬೇಕು. ಅದೇ ವ್ಯಕ್ತಿಯ ಹೆಸರಿನ ಅಕ್ಷರ ತಿದ್ದಲೂ 24 ಗಂಟೆ ಉಚಿತ. ಮೊದಲನೆಯದಕ್ಕೂ ಹಿಂದೆ 24 ಗಂಟೆಯೇ ಇತ್ತು, 2026ರಲ್ಲಿ ಅದು 48 ಗಂಟೆಗೆ ಏರಿತು. ಹೆಸರಿಗೆ ಇರುವುದು 24 ಗಂಟೆ ಮಾತ್ರ, ಹಾಗಾಗಿ ಅದನ್ನು ನಂಬಿಕೊಂಡು ಕೂರಬೇಡಿ, ಪತ್ರಿಕೆ ಮಡಚಿಟ್ಟು ಮೊದಲು ಟಿಕೆಟ್ ತಿದ್ದಿ.