ತಣ್ಣನೆಯ ಹೆಗಲು, ಸೀರೆಯ ನೆರಿಗೆ

ತಿಪಟೂರಿನಿಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಒಬ್ಬರನ್ನು ದೂರ ಇಡೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಪದ! ಸ್ನಬ್, ಸ್ಪರ್ನ್, ಬಾಯ್ಕಾಟ್, ಕೋಲ್ಡ್ ಶೋಲ್ಡರ್, ಈಗ ಘೋಸ್ಟಿಂಗ್, ಅಂದರೆ ಉತ್ತರವನ್ನೇ ಕೊಡದೆ ಮಾಯವಾಗೋದು. ನಮ್ಮಲ್ಲಿ ತಿರಸ್ಕಾರ ಒಂದೇ. ಇಲ್ಲಿ ಕನ್ನಡ ಬಡವಾಗಿದೆ ಅಂತ ನಿಮಗೆ ಅನಿಸುವುದಿಲ್ಲವೇ?” ಬೇಡದ ಅತಿಥಿಗೆ ಇಂಗ್ಲಿಷರು ತಣ್ಣಗಾದ ಕುರಿ ಹೆಗಲಿನ ಮಾಂಸ ಬಡಿಸುತ್ತಿದ್ದರಂತೆ, ಕೋಲ್ಡ್ ಶೋಲ್ಡರ್ ಬಂದದ್ದು ಅದರಿಂದ ಅಂತಲೂ ತಿಳಿಸಿದ್ದಾರೆ.

ಮೇಷ್ಟ್ರೇ, ಮೊದಲು ಆ ಕುರಿಯ ಲೆಕ್ಕ ಮುಗಿಸೋಣ. ಅದು ಆಮೇಲೆ ಕಟ್ಟಿದ ಕಥೆ. ವಾಲ್ಟರ್ ಸ್ಕಾಟ್ 1816ರ ಕಾದಂಬರಿಯೊಂದರಲ್ಲಿ ಈ ಮಾತು ಬಳಸಿದ. ಅಲ್ಲಿ ಒಬ್ಬ ದೊಡ್ಡಮನೆಯ ಹೆಂಗಸು ತನಗೆ ಆಗದವರಿಗೆ ಹೆಗಲು ತೋರಿಸುತ್ತಾಳೆ, ಅಷ್ಟೇ. ಊಟ ಇಲ್ಲ, ಕುರಿ ಇಲ್ಲ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನೀವೇ ವಾಟ್ಸಾಪಿನ ಕುರಿಯನ್ನು ನಂಬಿದರೆ ಹೇಗೆ?

ಇಂಗ್ಲಿಷಿನಲ್ಲಿ ಈ ಸಾಮಾನು ಜಾಸ್ತಿ ಇದೆ, ಒಪ್ಪಿದೆ. ಮುಖ ಮುರಿಯುವುದನ್ನು ಅಷ್ಟು ಶ್ರದ್ಧೆಯಿಂದ ಬೆಳೆಸಿದವರು ಅವರು. 1811ರಲ್ಲಿ ಲಂಡನ್ನಿನಲ್ಲಿ ಪೋಲಿಮಾತುಗಳ ನಿಘಂಟೊಂದು ಅಚ್ಚಾಯಿತು. ಅದರಲ್ಲಿ ‘ಕಟ್’ ಅನ್ನುವ ಕೇಂಬ್ರಿಜ್ ಹುಡುಗರ ಮಾತಿಗೆ ನಾಲ್ಕು ಬಗೆ ಕೊಟ್ಟಿದ್ದಾರೆ. ಆಗದವನು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗೋದು ನೇರ ಕಟ್. ಬೇರೆ ಕಡೆ ನೋಡುತ್ತಾ ಕಂಡೇ ಇಲ್ಲ ಅನ್ನೋ ಹಾಗೆ ಇರೋದು ಎರಡನೆಯದು. ಅವನು ದಾಟಿ ಹೋಗುವ ತನಕ ಕಿಂಗ್ಸ್ ಕಾಲೇಜಿನ ಚರ್ಚಿನ ತುದಿಯನ್ನೋ ಹೋಗುತ್ತಿರುವ ಮೋಡವನ್ನೋ ನೋಡಿ ಮೆಚ್ಚುತ್ತಾ ನಿಲ್ಲೋದು ಮೂರನೆಯದು. ನಾಲ್ಕನೆಯದು ನರಕದ ಕಟ್: ತಲೆ ಬಗ್ಗಿಸಿ ತನ್ನ ಶೂ ಲೇಸನ್ನು ಕೂಲಂಕಷವಾಗಿ ಪರೀಕ್ಷಿಸೋದು.

ಇದನ್ನು ಓದಿದಾಗ ನನಗೆ ನಮ್ಮ ದೊಡ್ಡತ್ತೆ ನೆನಪಾದರು. ಯಾವುದೋ ಜಮೀನಿನ ವಿಷಯಕ್ಕೆ ಅವರಿಗೂ ಅಮ್ಮನಿಗೂ ಮಾತಿರಲಿಲ್ಲ. ಮದುವೆ ಛತ್ರದಲ್ಲಿ ಅಮ್ಮ ಎದುರಾದರೆ ಸಾಕು, ಅತ್ತೆ ನಿಂತಲ್ಲೇ ನಿಂತು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಿದ್ದರು. ಒಂದೊಂದೇ ನೆರಿಗೆ, ಬೆರಳಲ್ಲಿ ನೀವಿ, ತಟ್ಟಿ, ಮತ್ತೆ ಮೊದಲಿನಿಂದ. ಅಮ್ಮ ಕೈ ತೊಳೆಯುವ ಕಡೆ ಹೋದ ಮೇಲೇ ನೆರಿಗೆ ಸರಿಯಾಗುತ್ತಿತ್ತು. ಅತ್ತೆ ಕೇಂಬ್ರಿಜ್ ನೋಡಿದವರಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಅಮ್ಮ ಮನೆಗೆ ಬಂದು ಏನು ಹೇಳುತ್ತಿದ್ದರು ಗೊತ್ತಾ? “ಅವಳು ನನ್ನ ತಿರಸ್ಕರಿಸಿದಳು” ಅಂತ ಅಲ್ಲ. “ಮೂತಿ ತಿರುವಿಕೊಂಡು ಹೋದಳು, ನಾನೇನು ಸೊಪ್ಪು ಹಾಕಲಿಲ್ಲ ಬಿಡು.”

ನೀವು ಹುಡುಕಿದ್ದು ನಿಘಂಟಿನಲ್ಲಿ, ಅಡುಗೆಮನೆಯಲ್ಲಲ್ಲ. ಕ್ಯಾರೆ ಅನ್ನಲಿಲ್ಲ. ಮೂಸಿ ಕೂಡ ನೋಡಲಿಲ್ಲ. ಮೂಲೆಗೆ ತಳ್ಳಿದರು. ಕೈ ಕೊಟ್ಟ. ನಡುನೀರಲ್ಲಿ ಬಿಟ್ಟ. ಮಕ್ಕಳು ಠೂ ಬಿಡುತ್ತಾರೆ, ಸಂಜೆಗೆ ಮತ್ತೆ ಸೇರುತ್ತಾರೆ. ‘ಕಡೆಗಣಿಸು’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಕಡೆಗಣ್ಣಲ್ಲಿ ಒಮ್ಮೆ ನೋಡಿ ಸುಮ್ಮನಾಗುವ ಆ ನೋಟವೇ ಕಾಣುತ್ತೆ. ಇಂಗ್ಲಿಷಿನ ಸ್ಪರ್ನ್ ಮೂಲದಲ್ಲಿ ಕಾಲಲ್ಲಿ ಒದೆಯೋದು. ನಮ್ಮವರು ಇನ್ನೂ ಕರಾರುವಾಕ್ಕು. ಎಡಗಾಲಲ್ಲಿ ಒದೆಯುತ್ತಾರೆ.

ಇನ್ನು ಬಾಯ್ಕಾಟ್. ಇದು ನನ್ನ ಅಚ್ಚುಮೆಚ್ಚಿನ ಪದ. 1880, ಐರ್ಲೆಂಡಿನ ಮೇಯೊ ಸೀಮೆ. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಒಬ್ಬ ಜಮೀನ್ದಾರನ ಏಜೆಂಟು. ಗೇಣಿ ಇಳಿಸಿ ಅಂತ ರೈತರು ಕೇಳಿದರು, ಅವನು ಒಕ್ಕಲೆಬ್ಬಿಸಲು ಹೊರಟ. ಊರಿನವರು ಕೈ ಎತ್ತಲಿಲ್ಲ, ಸುಮ್ನೆ ಅವನ ಸಹವಾಸ ಬಿಟ್ಟರು. ಕೂಲಿಯವರು ಹೋದರು, ಮನೆ ಆಳುಗಳು ಹೋದರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೆಳೆ ಕೀಳಲು ಉತ್ತರದಿಂದ ಐವತ್ತು ಜನ ಬರಬೇಕಾಯಿತು, ಅವರನ್ನು ಕಾಯಲು ಸುಮಾರು ಸಾವಿರ ಸೈನಿಕರು, ಪೊಲೀಸರು. ಖರ್ಚು ಬೆಳೆಯ ಬೆಲೆಯ ಎಷ್ಟೋ ಪಟ್ಟು. ನವೆಂಬರ್ ಕೊನೆಗೆ ಬಾಯ್ಕಾಟ್ ಊರು ಬಿಟ್ಟ.

ಇದಕ್ಕೆ ಹೆಸರು ಬಂದ ಬಗೆ ಇನ್ನೂ ಚೆಂದ. ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತ ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ ಜೊತೆ ಕೂತು ಪದ ಹುಡುಕುತ್ತಿದ್ದನಂತೆ. ಆಸ್ಟ್ರಸೈಸ್ ಅನ್ನೋ ಪದ ಇತ್ತಲ್ಲ, ಅಥೆನ್ಸಿನವರು ಮಡಕೆ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರಲ್ಲ, ಅದು. ಪಾದ್ರಿ ಬೇಡ ಅಂದ. ನಮ್ಮ ರೈತರಿಗೆ ಅದು ಅರ್ಥ ಆಗೋಲ್ಲ, ‘ಬಾಯ್ಕಾಟ್ ಮಾಡೋದು’ ಅಂದರೆ ಹೇಗೆ? ನಮ್ಮ ಪತ್ರಿಕಾಲಯಗಳಲ್ಲಿ ಇಂಥ ಒಬ್ಬ ಪಾದ್ರಿ ಬೇಕಿತ್ತು. “ಪ್ರಸ್ತಾವನೆ ತಿರಸ್ಕೃತಗೊಂಡಿದೆ” ಅಂತ ಬರೆದ ಹುಡುಗನನ್ನು ಕರೆದು, ಬೇಡ ಅಂದರು ಅಂತ ಬರೆಯಪ್ಪಾ ಅನ್ನೋಕೆ.

‘ಬಹಿಷ್ಕಾರ’ವನ್ನು ಮಾತ್ರ ನಾನು ಬೈಯೋಲ್ಲ. ಅಂಬೇಡ್ಕರ್ 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಅಂತ ಹೆಸರಿಟ್ಟರು. ಆ ಪದಕ್ಕೆ ಆ ಭಾರ ಉಳಿಯಲಿ. ಮೇಯೊದಲ್ಲಿ ಬಡವರು ಬಲಾಢ್ಯನಿಗೆ ಮಾಡಿದ್ದನ್ನು ನಮ್ಮ ಹಳ್ಳಿಗಳಲ್ಲಿ ಬಲಾಢ್ಯರು ಬಡವರಿಗೆ ಮಾಡುತ್ತಾರೆ. ಅಂಗಡಿಯಲ್ಲಿ ದಿನಸಿ ಇಲ್ಲ, ಹೊಲದಲ್ಲಿ ಕೂಲಿ ಇಲ್ಲ. ಎಲ್ಲರೂ ದೂರ ಇಟ್ಟವನು ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ‘ಪರಯ್ಯಾ’ ಕೂಡ ತಮಿಳುನಾಡಿನ ಪರೈಯರ್ ಜಾತಿಯ ಹೆಸರಿನಿಂದ ಹೋದದ್ದು. ಪರೈ ಅಂದರೆ ತಮಟೆ. ನಿಮ್ಮ ಇಂಗ್ಲಿಷ್ ಪಟ್ಟಿಗೆ ನಮ್ಮ ಕಡೆಯಿಂದಲೂ ಒಂದು ಸರಕು ಹೋಗಿದೆ, ಹೆಮ್ಮೆ ಪಡುವಂಥದ್ದಲ್ಲ.

ನನ್ನ ಸಿಟ್ಟು ಇರೋದು ಘೋಸ್ಟಿಂಗ್ ಮೇಲೆ. ಪದದ ಮೇಲಲ್ಲ, ಕೆಲಸದ ಮೇಲೆ. ನೆರಿಗೆ ಸರಿ ಮಾಡಿಕೊಳ್ಳೋಕೂ ಅತ್ತೆ ಛತ್ರಕ್ಕೆ ಬರಬೇಕಿತ್ತು, ಅಮ್ಮನ ಎದುರು ನಿಲ್ಲಬೇಕಿತ್ತು. ಈಗ ಅದೂ ಬೇಡ. ನನ್ನ ತಂಗಿಯ ಮಗ ಒಂದು ಕಂಪನಿಯಲ್ಲಿ ಮೂರು ಸುತ್ತು ಇಂಟರ್‌ವ್ಯೂ ಮುಗಿಸಿದ. “ತಿಳಿಸುತ್ತೇವೆ” ಅಂದರು. ಆರು ತಿಂಗಳಾಯಿತು. ಹುಡುಗಿ ನೋಡಿ ಹೋದವರೂ ಹೀಗೇ, ಒಪ್ಪಿಗೆ ಇಲ್ಲ ಅನ್ನೋಕೆ ಒಂದು ಫೋನ್ ಮಾಡೋಲ್ಲ. ಕೇಳಿದರೆ “ಬ್ಯುಸಿ” ಅಂತಾರೆ. ಬೇಡ ಅನ್ನೋಕೆ ಎಷ್ಟು ಹೊತ್ತು ಬೇಕು ಸ್ವಾಮಿ? ಎರಡಕ್ಷರ.

ನಾವು ಸಂಪಾದಕರೂ ಸಾಚಾ ಅಲ್ಲ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಉತ್ತರ ಬರೆಯದ ಪತ್ರಗಳು ಇನ್ನೂರಕ್ಕೂ ಜಾಸ್ತಿ ಇವೆ. ಮೊದಲೆಲ್ಲ “ವಿಷಾದದಿಂದ ಹಿಂತಿರುಗಿಸಲಾಗಿದೆ” ಅನ್ನೋ ಅಚ್ಚಿನ ಚೀಟಿಯಾದರೂ ಹೋಗುತ್ತಿತ್ತು. ಅಚ್ಚಿನ ಖರ್ಚು ಅಂತ ನಾನೇ ನಿಲ್ಲಿಸಿದೆ.

ಅಂದಹಾಗೆ ಮೇಷ್ಟ್ರೇ, ಪತ್ರದ ಜೊತೆ ನೀವಿಟ್ಟಿದ್ದ ಎರಡು ಕವಿತೆ ಬೇಡ. ಮೊದಲನೆಯದು ಉದ್ದವಾಯಿತು. ಎರಡನೆಯದರಲ್ಲಿ ತೆಂಗಿನ ತೋಟದ ನಾಲ್ಕು ಸಾಲು ಚೆನ್ನಾಗಿವೆ, ಉಳಿದದ್ದು ಇಲ್ಲ. ನೀವೇ ಸ್ಟಾಂಪು ಹಚ್ಚಿ ಕಳಿಸಿದ ಲಕೋಟೆಯಲ್ಲಿ ಎರಡನ್ನೂ ಇವತ್ತೇ ವಾಪಸ್ ಹಾಕಿದ್ದೇನೆ.

– ಸಂ.